ಉಮಕ್ಕನ ಸೈಟು

ವಿನೋಬನಗರದಲ್ಲಿ ನೆಂಟರ ಮನೆಯ ಗೃಹಪ್ರವೇಶ. ಉಮಾಮಹೇಶ್ವರಿ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದಳು. ಊಟಕ್ಕೆ ಕೂತಿದ್ದ ಅತ್ತೆಯೊಬ್ಬರು ಕೇಳಿದರು:

"ನಿಮ್ದು ಯಾವಾಗ ಉಮಾ? ಸೈಟು ತಗೊಂಡು ಎಷ್ಟು ದಿನ ಆಯ್ತು?"

"ಮುಂದಿನ ವರ್ಷ ಕೆಲಸ ಶುರು ಮಾಡ್ತೀವಿ ಅತ್ತೆ," ಎಂದು ಉಮಾ ತಲೆ ಎತ್ತದೆ ಮುಂದಿನ ಎಲೆಗೆ ಸರಿದಳು. ಹೋದ ವರ್ಷವೂ ಅವಳು ಇದನ್ನೇ ಹೇಳಿದ್ದಳು.

ನಿಜ ಬೇರೆಯಿತ್ತು. ಊರಾಚೆ, ನವುಲೆ ದಾಟಿದ ಮೇಲೆ ಸಿಗುವ ಹೊಸ ಲೇಔಟಿನಲ್ಲಿ ಅವಳೂ ಗಂಡ ವೀರೇಂದ್ರನೂ ಸೈಟು ಹಿಡಿದಿದ್ದರು. ಬಣ್ಣದ ಕಮಾನು, ಸಾಲಾಗಿ ನೆಟ್ಟ ಕಲ್ಲು, ಅಗ್ಗದ ಬೆಲೆ. "ಇವತ್ತೇ ಕೊಡಿ, ನಾಳೆ ಬೇರೆಯವರಿಗೆ ಹೋಗ್ಬಿಡುತ್ತೆ," ಎಂದು ಬ್ರೋಕರು ಅವಸರ ಮಾಡಿದ. ಉಮಾ ಮದುವೆಯ ಚಿನ್ನ ಮಾರಿ, ಬರೀ ಕರಾರು ಪತ್ರ ನಂಬಿ ದುಡ್ಡು ಕೊಟ್ಟಳು. ಆಮೇಲೆ ತಿಳಿಯಿತು: ಸರ್ಕಾರದ ದಾಖಲೆಯಲ್ಲಿ ಅದಿನ್ನೂ ಗದ್ದೆ. ಲೇಔಟಿಗೆ ಅನುಮೋದನೆಯೇ ಇಲ್ಲ. ಜಾಗ ತಮ್ಮ ಹೆಸರಿಗಿದೆ ಎನ್ನುವ ಇ-ಖಾತೆ ಸಿಗದು, ನೋಂದಣಿ ಆಗದು, ಬ್ಯಾಂಕು ಸಾಲ ಕೊಡದು.

ಗೆಳತಿ ವೀಣಾ ಬ್ಯಾಂಕಿನ ಗೃಹಸಾಲ ವಿಭಾಗದಲ್ಲೇ ಕೆಲಸಕ್ಕಿದ್ದಳು. ಕೊಳ್ಳುವ ಮುಂಚೆ ಅವಳನ್ನೊಂದು ಮಾತು ಕೇಳಿದ್ದರೆ ಸಾಕಿತ್ತು. ಆಗ ಕೇಳಲು ಬಿಂಕ. ಈಗ ಹೇಳಲು ನಾಚಿಕೆ.

ಊಟ ಮುಗಿದ ಮೇಲೆ ಚಿಕ್ಕಮ್ಮನ ಮಗಳು, ಭದ್ರಾವತಿಯ ಅಮೂಲ್ಯ, ಉಮಾಳನ್ನು ಪಕ್ಕಕ್ಕೆ ಎಳೆದಳು.

"ಉಮಕ್ಕಾ, ನಿನ್ನ ಪಕ್ಕದ ಸೈಟು ನಾವೇ ತಗೋತಿದೀವಿ! ಭಾನುವಾರ ಅಡ್ವಾನ್ಸ್. ನಮ್ಮನೆಯವ್ರು ನಮ್ಮೂರ ಹಳೇನಗರದಲ್ಲೊಂದು ಮನೆ ಇದೆ, ಅದನ್ನ ನೋಡೋಣ ಅಂತಿದ್ರು. ನಾನೇ ಬೇಡ ಅಂದೆ. ನೀನು ತಗೊಂಡಿದೀಯ ಅಂದ್ಮೇಲೆ ಎಲ್ಲಾ ವಿಚಾರಿಸೇ ತಗೊಂಡಿರ್ತೀಯ, ಅಲ್ವಾ?"

ಉಮಾ ಅತ್ತ ತಿರುಗಿ, "ಒಳ್ಳೇದು ಕಣೇ," ಎಂದುಬಿಟ್ಟಳು.

ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ಗಾಬರಿಯಾದ. "ಬಾಯಿ ಬಿಡ್ಬೇಡ ಮಾರಾಯ್ತಿ! ನೆಂಟರಿಗೆಲ್ಲ ಗೊತ್ತಾದ್ರೆ ಮುಖ ಎತ್ತಿಕೊಂಡು ಓಡಾಡೋದು ಹೇಗೆ?"

"ಅವಳು ನನ್ನ ಮುಖ ನೋಡ್ಕೊಂಡೇ ದುಡ್ಡು ಕೊಡ್ತಿರೋದು ಕಣ್ರೀ."

ಕೂಡಲೇ ಉಮಾ ವೀಣಾಗೆ ಫೋನ್ ಮಾಡಿ, ಅಳುತ್ತಲೇ ಎಲ್ಲವನ್ನೂ ಹೇಳಿದಳು. ವೀಣಾ ಬೈಯಲಿಲ್ಲ. "ಹೀಗೆ ಮೋಸಹೋದವರು ನಮ್ಮ ಬ್ಯಾಂಕಿಗೆ ಬರ್ತಾನೇ ಇರ್ತಾರೆ ಉಮಾ. ಎಲ್ಲರೂ ಪಿಸುಮಾತಲ್ಲೇ ಹೇಳ್ತಾರೆ. ಬ್ರೋಕರಿಗೂ ಬೇಕಾಗಿರೋದು ಅದೇ. ಭಾನುವಾರ ನಾನೂ ಬರ್ತೀನಿ."

ಭಾನುವಾರ ಉಮಾ, ವೀಣಾ ಇಬ್ಬರೂ ಲೇಔಟಿಗೆ ಹೋದಾಗ ಅಮೂಲ್ಯ, ಅವಳ ಗಂಡ ಮಲ್ಲಿಕ್ ಆಗಲೇ ಬ್ರೋಕರಿನ ಜೊತೆ ನಿಂತಿದ್ದರು. ಬ್ರೋಕರು ಉಮಾಳನ್ನು ಕಂಡು ನಕ್ಕ. "ಬನ್ನಿ ಮೇಡಂ! ನೋಡಿ ಸಾರ್, ನಿಮ್ಮ ಅಕ್ಕನೇ ಬಂದ್ರು. ಅವರನ್ನೇ ಕೇಳಿ."

ಉಮಾ ನೆಲ ನೋಡುತ್ತಲೇ ಹೇಳಿದಳು: "ಕೊಡ್ಬೇಡ ಅಮೂಲ್ಯ. ನಾವು ಮೋಸಹೋಗಿದೀವಿ. ಈ ಜಾಗ ರಿಜಿಸ್ಟರ್ ಆಗಲ್ಲ."

"ಮೊನ್ನೆ ಒಳ್ಳೇದು ಅಂದ್ಯಲ್ಲಕ್ಕಾ?"

"ಹೇಳೋಕೆ ನಾಚಿಕೆಯಾಗಿತ್ತು ಕಣೇ," ಎಂದಳು ಉಮಾ.

ಮಲ್ಲಿಕ್‌ಗೆ ಇನ್ನೂ ಅನುಮಾನ. "ಎಲ್ಲಾ ಪೇಪರ್ ರೆಡಿ ಇದೆ ಅಂತಾರಲ್ಲ ಇವರು?"

"ಹಾಗಾದ್ರೆ ತೋರಿಸಲಿ," ಎಂದಳು ವೀಣಾ. "ಗದ್ದೆಯನ್ನ ಮನೆ ಜಾಗವಾಗಿಸಿದ ಭೂ ಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ನಕ್ಷೆ, ಇ-ಖಾತೆ."

"ಮುಂದಿನ ತಿಂಗಳು ಬರುತ್ತೆ ಮೇಡಂ."

"ಬಂದ್ಮೇಲೆ ಇವರೂ ಬರ್ತಾರೆ ಬಿಡಿ."

ಮಲ್ಲಿಕ್ ದುಡ್ಡಿನ ಕವರನ್ನು ಜೇಬಿಗೆ ಹಾಕಿಕೊಂಡ.

ಆಮೇಲೆ ಅವರು ಹಳೇನಗರದ ಮನೆಯನ್ನೇ ನೋಡಿದರು. ಮಳೆಗಾಲದಲ್ಲಿ ಹೊಳೆ ನೀರು ಮನೆಗೆ ನುಗ್ಗುತ್ತದೆಯೇ ಎಂದು ಅಕ್ಕಪಕ್ಕದವರನ್ನು ಕೇಳಿದರು. ಜಾಗದ ಮೇಲೆ ಸಾಲವಿದೆಯೇ ಎಂದು ತಿಳಿಯಲು ನೋಂದಣಿ ಕಚೇರಿಯಿಂದ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿದರು. ವಕೀಲರು ನೋಡಿ ಸರಿ ಎಂದ ಮೇಲೆಯೇ ಕೊಂಡರು.

ವೀರೇಂದ್ರನೂ ಕೊನೆಗೆ ತಲೆ ತಗ್ಗಿಸಿಕೊಂಡೇ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟ. ಸುದ್ದಿ ತಿಳಿದು ಅದೇ ಲೇಔಟಿನಲ್ಲಿ ಮೋಸಹೋದ ಇನ್ನಷ್ಟು ಜನ ಜೊತೆಗೂಡಿದರು. ಹಣ ಇನ್ನೂ ಬಂದಿಲ್ಲ. ಅಮೂಲ್ಯ ಎದುರಾದರೆ ಉಮಾಳ ಕಣ್ಣು ಇಂದಿಗೂ ಕೆಳಗೆ ಇಳಿಯುತ್ತದೆ. ಆ "ಒಳ್ಳೇದು" ಎಂಬ ಮಾತನ್ನು ಅವಳು ಮರೆತಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಮೊದಲ ಮನೆಗೆ ಜಾಗ ಹುಡುಕುವಾಗ ನೆಂಟರು ಕೊಂಡರೆಂದು ನೀವೂ ಕೊಳ್ಳಬೇಡಿ. ಅವಸರ ಮಾಡುವವರ ಕೈಗೆ ಅಡ್ವಾನ್ಸ್ ಕೊಡಬೇಡಿ. ಮೊದಲು ದಾಖಲೆ ನೋಡಿ, ತಿಳಿದವರನ್ನು ಕೇಳಿ. ನೀವು ಈಗಾಗಲೇ ಮೋಸಹೋಗಿದ್ದರೆ ದೂರು ಕೊಡಿ, ನಾಲ್ಕು ಜನಕ್ಕೆ ಹೇಳಿ. ನಾಚಿಕೆಯಾಗುತ್ತದೆ, ನಿಜ. ನಾಚಿಕೆಯಾದರೂ ಹೇಳಿ.