ಕಿಯಾಮ್ವೆರಿಗೆ ಬೇಕಾಗಿದ್ದ ಮೂರನೆಯ ಮತ

ವಿಚಾರಣೆಯ ನಡುವಿನ ಟೀ ವಿರಾಮ ಮುಗಿಯಲು ಇನ್ನೂ ಹನ್ನೆರಡು ನಿಮಿಷ ಇರುವಾಗ ನಂದನ್ ಬಂದು ಜಯಮಾಲಾ ಅವರ ಪಕ್ಕದಲ್ಲಿ ನಿಂತ. ತನ್ನ ಫೋನನ್ನು ಅವರ ಕನ್ನಡಕದ ಮುಂದೆ ಹಿಡಿದ.

“ಫೋಟೋದಲ್ಲಿ ಚೆನ್ನಾಗ್ ಬಂದಿದೀರ ಆಂಟಿ.”

ಅದು ಹಿಂದಿನ ಭಾನುವಾರದ ಫೋಟೋ. ಕನ್ನಡ ಸಂಘದ ಯುಗಾದಿ ಊಟವಾದ ಮೇಲೆ ತಂಬೋಲಾ ಆಡಿದ್ದರು. ಫುಲ್ ಹೌಸ್ ಗೆದ್ದ ಜಯಮಾಲಾ ಒಂದು ಬಿಳಿ ಲಕೋಟೆ ಹಿಡಿದುಕೊಂಡು ಬಾಯ್ತುಂಬ ನಗುತ್ತಿದ್ದರು.

“ಆ ಎನ್ವಲಪ್ ಓಪನ್ ಮಾಡಿದ್ರಾ?”

“ಎಲ್ಲಿ ಮಾಡ್ಲಪ್ಪ? ನಿಮ್ಮ ಅಂಕಲ್‌ನ ಚೆಕಪ್ಪಿಗೆ ಕರ್ಕೊಂಡು ಓಡಾಡೋದೇ ಆಯ್ತು. ಯಾವುದೋ ಬೆಟ್ಟದ ರೆಸಾರ್ಟು ಅಂದಿದ್ರು.”

“ನಮ್ದೇ ಆಂಟಿ. ಕಿಯಾಮ್ವೆರಿದು. ಟೂ ನೈಟ್ಸ್, ಬ್ರೇಕ್‌ಫಾಸ್ಟ್ ಸಮೇತ.”

ಜಯಮಾಲಾ ಟೀ ಕಪ್ಪನ್ನು ಬಸಿಯ ಮೇಲೆ ಇಟ್ಟರು. ಕಿಯಾಮ್ವೆರಿ ನೈರೋಬಿಯ ಉತ್ತರಕ್ಕೆ ಬೆಟ್ಟದ ಮೇಲಿರುವ ಚಹಾ ತೋಟಗಳ ಪುಟ್ಟ ಪಟ್ಟಣ. ಅಲ್ಲಿರುವುದೊಂದೇ ಬೀದಿ. ಆ ಊರಿನ ಹೋಟೆಲು ತನ್ನೊಳಗೆ ಕ್ಯಾಸಿನೋ ತೆರೆಯಲು ಅನುಮತಿ ಕೇಳಿತ್ತು. ಕೊಡಬೇಕೋ ಬೇಡವೋ ಎಂದು ಹೇಳಲು ಕೂತಿದ್ದ ಮೂವರ ಸಮಿತಿಯಲ್ಲಿ ಜಯಮಾಲಾ ಒಬ್ಬರು. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು ಎಂದು ಅವರನ್ನು ಕರೆದಿದ್ದರು. ಅಧ್ಯಕ್ಷ ಒಡೆರೋ ಕೊಡೋಣ ಎನ್ನುವವರು, ಶಾಲೆಯ ಮುಖ್ಯೋಪಾಧ್ಯಾಯಿನಿ ಮುತೋನಿ ಬೇಡ ಎನ್ನುವವರು. ಉಳಿದದ್ದು ಜಯಮಾಲಾ ಅವರ ಮತ. ಅವರು ಬೇಡ ಎನ್ನುತ್ತಾರೆಂದು ಅವರ ಪ್ರಶ್ನೆಗಳನ್ನು ಕೇಳಿದವರಿಗೆಲ್ಲ ಬೆಳಿಗ್ಗೆಯೇ ಗೊತ್ತಾಗಿಹೋಗಿತ್ತು. ಹೋಟೆಲಿನ ಮ್ಯಾನೇಜರ್ ನಂದನ್‌ಗೂ ಗೊತ್ತಾಗಿತ್ತು.

“ನೀವು ಎಸ್ ಅಂದ್ರೆ ಇದು ಬರೀ ಫ್ಯಾಮಿಲಿ ಫೋಟೋ,” ಎಂದ ಅವನು, ದನಿ ತಗ್ಗಿಸಿ. “ನೋ ಅಂದ್ರೆ ನಮ್ ಲಾಯರ್ ಎದ್ ನಿಲ್ತಾರೆ. ಮೆಂಬರ್ರು ಗಿಫ್ಟ್ ತಗೊಂಡಿದಾರೆ, ಈ ಕಮಿಟೀನೇ ಬೇಡ, ಹೊಸದು ಮಾಡಿ ಅಂತಾರೆ. ನಂಗೂ ಬೇಜಾರೇ ಆಂಟಿ.”

“ಗಿಫ್ಟ್ ಯಾಕಾಗುತ್ತೆ? ಆಟದಲ್ಲಿ ಬಂದಿದ್ದು.”

“ಹಾಗೇ ಅನ್ಕೊಳಿ,” ಎಂದು ನಕ್ಕ. ಹೋಗುವ ಮುಂಚೆ ಅವರು ನಿಂತೇ ಇದ್ದಾರೆಂದು ಒಂದು ಕುರ್ಚಿ ಎಳೆದು ಕೊಟ್ಟ. ಒಳ್ಳೆಯ ಮನೆಯಲ್ಲಿ ಬೆಳೆದವನು.

ಜಯಮಾಲಾ ಕೂರಲಿಲ್ಲ. ಕಾರಿಡಾರಿನ ಕೊನೆಯ ಕಿಟಕಿಯ ಬಳಿ ಕಿಶೋರ್ ನಿಂತು ಕೆಳಗೆ ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನ ರಸ್ತೆಯಲ್ಲಿ ಸಿಕ್ಕಿಕೊಂಡ ಮಟಾಟು ವ್ಯಾನುಗಳನ್ನು ನೋಡುತ್ತಿದ್ದ. ಔಷಧಿ ಕಾರ್ಖಾನೆಯ ಎಂಜಿನಿಯರು. ಬೈಪಾಸ್ ಆದಮೇಲೆ ಜಯಮಾಲಾ ಅವರ ಗಂಡ ಕೃಷ್ಣಪ್ರಸಾದರು ಕಾರು ಓಡಿಸುವಂತಿರಲಿಲ್ಲ. ಅದಕ್ಕಾಗಿ ರಜೆ ಹಾಕಿ, ಕಿಲೆಲೆಶ್ವಾದ ಮನೆಯಿಂದ ಅವರನ್ನು ಅವನೇ ಕರೆತಂದಿದ್ದ. ಸಂಘದ ತಂಬೋಲಾದಲ್ಲಿ ಹದಿನಾಲ್ಕು ವರ್ಷದಿಂದ ನಂಬರು ಕೂಗುವವನೂ ಅವನೇ.

“ಕಿಶೋರ್, ನಿಜ ಹೇಳಿ. ಭಾನುವಾರ ನನ್ನ ಗೆಲ್ಲಿಸ್ಬೇಕು ಅಂತ ನಿಮಗೇ ಅನ್ನಿಸಿದ್ದಾ?”

ಅವನ ಕಿವಿ ಕೆಂಪಾಯಿತು. ಸಂಘದಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು ಅದು. ಟಿಕೆಟ್ ಹಂಚುವವನು ಕಿಶೋರ್. ಚೀಲಕ್ಕೆ ಕೈ ಹಾಕಿ ಬಿಲ್ಲೆ ತೆಗೆಯುವವನೂ ಅವನೇ. ಆದರೆ ಅವನು ಕೂಗುವ ಸಂಖ್ಯೆಗೂ ಕೈಯಲ್ಲಿರುವ ಬಿಲ್ಲೆಗೂ ಒಮ್ಮೊಮ್ಮೆ ಸಂಬಂಧವಿರುತ್ತಿರಲಿಲ್ಲ. ಆ ವರ್ಷ ಯಾರ ಮನೆಯಲ್ಲಿ ಕಷ್ಟವಿತ್ತೋ ಅವರಿಗೆ ಫುಲ್ ಹೌಸ್ ಬರುತ್ತಿತ್ತು. ಗಂಡನನ್ನು ಕಳೆದುಕೊಂಡ ವತ್ಸಲಾಗೆ ಹೋದ ವರ್ಷ ಬಂದಿತ್ತು. ಹಾಗೆ ಬರಲಿ ಎಂದು ಕಿಶೋರನ ಕಿವಿಯಲ್ಲಿ ಪಿಸುಗುಟ್ಟಿದ್ದು ಜಯಮಾಲಾ ಅವರೇ.

“ನಂದನ್ ಹೇಳ್ದ ಜಯಕ್ಕ,” ಎಂದ ಕಿಶೋರ್. “ಅಂಕಲ್‌ಗೆ ಆಪರೇಶನ್ ಆಗಿದೆ, ಆಂಟಿ ಸೊರಗಿ ಹೋಗಿದಾರೆ, ಈ ಸಲ ಅವರಿಗೇ ಬರ್ಲಿ ಅಂದ. ಹುಡುಗನಿಗೆ ಎಷ್ಟು ಒಳ್ಳೆ ಮನಸ್ಸು ಅನ್ಕೊಂಡೆ.”

ಅಷ್ಟರಲ್ಲಿ ಗಂಟೆ ಬಾರಿಸಿತು.

ಒಳಗೆ ಕಿಯಾಮ್ವೆರಿಯಿಂದ ಬಂದವರು ಮೂರು ಬೆಂಚು ತುಂಬ ಕೂತಿದ್ದರು. ಮುಂದಿನ ಬೆಂಚಿನಲ್ಲಿ ಮೇರಿ ಇದ್ದಳು. ಚಹಾ ಎಲೆ ಕೀಳುವವಳು, ಊರಿನ ಹೆಂಗಸರ ಗುಂಪಿನ ಮುಖ್ಯಸ್ಥೆ. ಬೆಳಿಗ್ಗೆ ಎದ್ದುನಿಂತು ಅವಳು ಹೇಳಿದ್ದು ಸ್ವಲ್ಪವೇ: “ನಿಮ್ಮ ನೈರೋಬಿಯಲ್ಲಿ ಸಂಜೆಯಾದರೆ ಸಾವಿರ ಬಾಗಿಲು ತೆರೆದಿರುತ್ತವೆ. ನಮ್ಮಲ್ಲಿ ಆರು ಗಂಟೆಗೆ ಮಂಜು ಇಳಿಯುತ್ತದೆ, ಎಲ್ಲ ಮುಚ್ಚುತ್ತದೆ. ಅದರ ನಡುವೆ ದೀಪ ಉರಿಯುವ ಬಾಗಿಲು ಅದೊಂದೇ ಇದ್ದರೆ, ನಮ್ಮ ಗಂಡಸರು ಬೇರೆಲ್ಲಿಗೆ ಹೋಗುತ್ತಾರೆ?” ಅದಕ್ಕೆ ಒಡೆರೋ, ಚಹಾ ಎಲೆಯ ಬೆಲೆ ಬಿದ್ದು ತಮ್ಮ ಹುಟ್ಟೂರು ಖಾಲಿಯಾದದ್ದನ್ನು, ಇನ್ನೂರು ಜನಕ್ಕೆ ಕೆಲಸ ಕೊಡುವ ಒಂದು ಬಾಗಿಲಾದರೂ ಇದ್ದಿದ್ದರೆ ಉಳಿಯುತ್ತಿತ್ತೇನೋ ಎಂಬುದನ್ನು ಹೇಳಿದ್ದರು. ಅವರು ಕೆಟ್ಟವರಲ್ಲ. ಮೇರಿ ಮಾತು ಮುಗಿಸಿದಾಗ ತಮ್ಮ ನೀರಿನ ಲೋಟವನ್ನೇ ಅವಳಿಗೆ ಕಳಿಸಿದ್ದರು.

“ಇನ್ನು ಮತ ಹೇಳೋಣ,” ಎಂದರು ಒಡೆರೋ.

“ಅದಕ್ಕೆ ಮೊದಲು ನನ್ನದೊಂದು ಮಾತಿದೆ,” ಎಂದರು ಜಯಮಾಲಾ. ಭಾನುವಾರದ ಲಕೋಟೆಯ ವಿಷಯ ಹೇಳಿದರು. ಅದು ಈ ಹೋಟೆಲಿನದೆಂದು ಈಗ ತಿಳಿಯಿತೆಂದೂ ಹೇಳಿದರು.

ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಮೇರಿ ಮಾತ್ರ ಅಲುಗಲಿಲ್ಲ. ಹೋಟೆಲಿನ ಲಾಯರು ಎದ್ದು, ಇದು ಉಡುಗೊರೆ, ಹೊಸ ಸಮಿತಿಯಾಗಬೇಕು ಎಂದ. ಒಡೆರೋ ಅವನನ್ನು ಕೂರಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ಮೇಡಂ, ಲಾಟರಿಯಲ್ಲಿ ಬಂದ ಬಹುಮಾನ ಉಡುಗೊರೆಯಲ್ಲ. ನಿಯಮದಲ್ಲಿ ಹಾಗೆಯೇ ಇದೆ. ನೀವು ಗೆದ್ದದ್ದು ಅದೃಷ್ಟದಿಂದ ತಾನೇ? ಹೌದು ಎಂದುಬಿಡಿ. ಮುಂದುವರಿಯೋಣ.”

ಒಡೆರೋ ತಮ್ಮ ಎದುರು ಪಕ್ಷದ ಮತವನ್ನು ತಾವೇ ಉಳಿಸಿಕೊಡುತ್ತಿದ್ದರು. ಹೌದು ಎಂಬ ಒಂದು ಮಾತು ಸಾಕಿತ್ತು. ಕುರ್ಚಿ ಉಳಿಯುತ್ತಿತ್ತು, ಕಿಶೋರನ ಮಾನ ಉಳಿಯುತ್ತಿತ್ತು, ಮೇರಿಯ ಊರೂ ಉಳಿಯುತ್ತಿತ್ತು. ಅದೃಷ್ಟವಲ್ಲ ಎನ್ನುವ ಧೈರ್ಯ ನಂದನ್‌ಗೂ ಇರಲಿಲ್ಲ. ಹಾಗೆ ಹೇಳಿದರೆ ಮೊದಲು ಸಿಕ್ಕಿಬೀಳುವವನು ಅವನೇ. ಅವನು ಫೋನನ್ನು ಮಡಿಲಲ್ಲಿ ಕವುಚಿ ಹಾಕಿಕೊಂಡು ನೆಲ ನೋಡುತ್ತಿದ್ದ.

ಮೇರಿ ಜಯಮಾಲಾ ಅವರನ್ನೇ ನೋಡಿದಳು. ಹೇಳಿಬಿಡು ಎಂಬಂತೆ ಒಂದಿಷ್ಟು ತಲೆಯಾಡಿಸಿದಳು.

ಬೆಳಿಗ್ಗೆಯಿಂದ ಕ್ಯಾಸಿನೋದವರಿಗೆ ತಾವು ಹಾಕಿದ ಪ್ರಶ್ನೆಗಳೆಲ್ಲ ಜಯಮಾಲಾ ಅವರಿಗೆ ನೆನಪಾದವು. ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನವಾಗಿರುವ ಆಟವನ್ನು ಅದೃಷ್ಟ ಎಂದು ಕರೆದು ಬಡವರಿಗೆ ಮಾರಬಹುದೇ ಎಂದು ಕೇಳಿದ್ದರು. ಈಗ ತಾವೇ ಅದೇ ಪದವನ್ನು ಬಾಯಲ್ಲಿ ಇಟ್ಟುಕೊಂಡು ಕೂತಿದ್ದರು. ಬಿಸಿತುಪ್ಪ.

“ಅದೃಷ್ಟ ಅಲ್ಲ,” ಎಂದರು. “ನಮ್ಮ ಆಟದಲ್ಲಿ ಕಷ್ಟದಲ್ಲಿರುವವರನ್ನು ಗೆಲ್ಲಿಸುತ್ತಾರೆ. ಅದು ಎಲ್ಲರಿಗೂ ಗೊತ್ತು. ನಾನೂ ಗೆಲ್ಲಿಸಿದ್ದೇನೆ. ಈ ಸಲ ನನ್ನನ್ನು ಗೆಲ್ಲಿಸಿದರು. ಗೆಲ್ಲಿಸಿ ಎಂದು ಹೇಳಿಕೊಟ್ಟವರು ಹೋಟೆಲಿನವರು ಎಂದು ಕೇಳಿದೆ.”

“ಸುಳ್ಳು!” ಎಂದು ನಂದನ್ ಎದ್ದ. “ಯಾರು ಹೇಳಿದ್ದು? ಹೆಸರು ಹೇಳಲಿ.”

“ಹೆಸರು?” ಎಂದರು ಒಡೆರೋ.

“ಅವರು ದಯೆಯಿಂದ ಮಾಡಿದ್ದು. ಹೆಸರು ನಾನು ಹೇಳುವುದಿಲ್ಲ.”

ಒಡೆರೋ ಮುಂದಿದ್ದ ಕಡತ ಮುಚ್ಚಿದರು. “ಹಾಗಾದರೆ ಹೋಟೆಲಿನವರ ಮೇಲಿನ ಮಾತನ್ನು ನಾನು ಬರೆದುಕೊಳ್ಳಲಾರೆ. ನಿಮ್ಮನ್ನು ಈ ಕುರ್ಚಿಯಲ್ಲಿ ಇಟ್ಟುಕೊಳ್ಳಲೂ ಆಗದು. ಕ್ಷಮಿಸಿ.” ಹೊಸ ಸಮಿತಿಯಾಗುತ್ತದೆ, ವಿಚಾರಣೆ ಮೊದಲಿನಿಂದ ನಡೆಯುತ್ತದೆ ಎಂದು ಹೇಳಿ ಎದ್ದರು.

ಜಯಮಾಲಾ ಚೀಲ ಎತ್ತಿಕೊಂಡು ಕೆಳಗಿಳಿದರು. ಎಲ್ಲಿ ಕೂರಬೇಕೆಂದು ತೋಚಲಿಲ್ಲ. ಮೇರಿ ಬೆಂಚಿನಲ್ಲಿ ಒಂದಿಷ್ಟು ಸರಿದು ಜಾಗ ಮಾಡಿದಳು. ಆದರೆ ಮುಖ ಬೇರೆ ಕಡೆಗಿತ್ತು.

“ಲಾಟರಿ ಎಂದಿದ್ದರೆ ಮುಗಿದುಹೋಗುತ್ತಿತ್ತು ಅಮ್ಮಾ,” ಎಂದಳು. “ಒಂದು ಪದ. ಇವತ್ತಿನ ಕೂಲಿ ಬಿಟ್ಟು ಬಂದಿದ್ದೇವೆ ನಾವು. ಇನ್ನೊಮ್ಮೆ ಬರಬೇಕು. ಹೊಸಬರು ಯಾರೋ, ಅವರು ಎಷ್ಟಕ್ಕೆ ಬಗ್ಗುತ್ತಾರೋ.”

“ನಿನ್ನ ಸಿಟ್ಟು ಸರಿಯಾದದ್ದೇ,” ಎಂದರು ಜಯಮಾಲಾ.

ಮುಂದೆ ನಂದನ್ ಲಾಯರಿನ ಕೈ ಕುಲುಕುತ್ತಿದ್ದ. ಒಡೆರೋ ಕಾಗದಗಳನ್ನು ಕಟ್ಟುತ್ತಿದ್ದರು. ಹಿಂದಿನ ಸಾಲಿನಿಂದ ಕಿಶೋರ್ ಎದ್ದು ಬಂದು ಬೆಂಚಿನ ತುದಿಯಲ್ಲಿ ನಿಂತ. ಮುಖ ಬೆವೆತಿತ್ತು.

“ನನ್ ಹೆಸ್ರು ಯಾಕ್ ಹೇಳ್ಲಿಲ್ಲ ಜಯಕ್ಕ?”

“ನಿಮ್ಮ ಹೆಸರು ನಿಮ್ಮದು.”

“ಹೇಳಿದ್ರೆ ಸಂಘದಲ್ಲಿ ಇನ್ಮೇಲೆ ಯಾರೂ ನನ್ ಕೈಗೆ ಚೀಲ ಕೊಡಲ್ಲ. ಹದಿನಾಲ್ಕು ವರ್ಷ ಮೋಸ ಮಾಡ್ದ ಅಂತಾರೆ. ಭಾರ್ಗವಿನೇ ಅಂತಾಳೆ, ಕಟ್ಕೊಂಡ ಹೆಂಡ್ತಿ.”

“ಅಂತಾರೆ,” ಎಂದರು ಜಯಮಾಲಾ.

ಒಡೆರೋ ಕಡತ ಕಂಕುಳಿಗೇರಿಸಿ ಬಾಗಿಲ ಕಡೆಗೆ ಹೊರಟರು. ಕಿಶೋರ್ ಅತ್ತ ನೋಡಿದ, ಇತ್ತ ನೋಡಿದ, ಜೇಬು ತಡಕಿದ.

“ಸರ್, ಒಂದ್ನಿಮಿಷ!” ಎಂದು ಕನ್ನಡದಲ್ಲೇ ಕೂಗಿ, ಆಮೇಲೆ ಇಂಗ್ಲಿಷಿನಲ್ಲಿ, ಆ ನಂಬರು ಕೂಗಿದವನು ತಾನು, ಯಾರು ಹೇಳಿದರೆಂದು ಬರೆದುಕೊಡುತ್ತೇನೆ ಎಂದ. ನಂದನ್ ಕುಲುಕುತ್ತಿದ್ದ ಕೈ ನಿಂತಿತು.

ಕಿಶೋರನ ಜೇಬಿನಲ್ಲಿ ಪೆನ್ನಿರಲಿಲ್ಲ. ಮೇರಿ ತನ್ನ ಬುಟ್ಟಿಚೀಲಕ್ಕೆ ಕೈ ಹಾಕಿ, ಕೆದಕಿ, ಒಂದು ನೀಲಿ ಪೆನ್ನು ತೆಗೆದಳು. ಇಂಕು ಬರುತ್ತದೋ ಇಲ್ಲವೋ ಎಂದು ಮೊದಲು ತನ್ನ ಅಂಗೈ ಮೇಲೆ ಗೀಚಿ ನೋಡಿದಳು. ಆಮೇಲೆ ಅವನಿಗೆ ಕೊಟ್ಟಳು.