ಉಪ್ಪು ಹಾಕಿದ ಕೈ

ಬೇಸಿಗೆ ಬಂತೆಂದರೆ ಆ ಮನೆಯ ಮುಂಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಉಳಿದರ್ಧಕ್ಕೆ ಈರುಳ್ಳಿ ಚೀಲ ಅಡ್ಡ. ಒಳಗೆ ಬಂದವರು ಏಡಿಯ ಹಾಗೆ ಪಕ್ಕಕ್ಕೆ ಸರಿಯುತ್ತ ನಡೆಯಬೇಕು. ನಡುಮನೆಯಲ್ಲಿ ಚಾಪೆ ತುಂಬ ಸೀಳಿದ ಟೊಮೆಟೊ, ಮಂಚದ ಮೇಲೆ ಹಳೇ ಬೆಡ್‌ಶೀಟಿನಲ್ಲಿ ಪುದೀನ, ಬೀರುವಿನ ನೆತ್ತಿಯಲ್ಲಿ ಮೆಣಸಿನಕಾಯಿ. ಅಡುಗೆಮನೆಯ ಕಿಟಕಿಯನ್ನಂತೂ ಕೇಳಲೇಬೇಡಿ. ಅದರ ಕಟ್ಟೆಯ ಮೇಲೆ ಉಪ್ಪಿನಕಾಯಿ ಭರಣಿಗಳ ಸಾಲು ನಿಂತ ಮೇಲೆ ಗಾಳಿಯೂ ಅಪ್ಪಣೆ ಪಡೆದೇ ಒಳಗೆ ಬರಬೇಕಾಗಿತ್ತು.

ಇದಕ್ಕೆಲ್ಲ ಮೂಲ ಮಹಡಿಯ ಮೇಲಿನ ತಾರಸಿ. ಅಲ್ಲಿ ಪೇಂಟ್ ಬಕೆಟ್ಟುಗಳಲ್ಲಿ ಟೊಮೆಟೊ, ಹಿಡಿ ಮುರಿದ ಕುಕ್ಕರಿನಲ್ಲಿ ಕೊತ್ತಂಬರಿ, ತಗಡಿನ ಡ್ರಮ್ಮಿನಲ್ಲಿ ನಿಂಬೆಗಿಡ. ಅತ್ತೆಯ ಕೈಯಿಂದ ಬಿದ್ದ ಬೀಜಕ್ಕೆ ಮೊಳೆಯದೆ ಇರುವಷ್ಟು ಧೈರ್ಯ ಇರಲಿಲ್ಲ. ಅವರ ಮಗನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಊರಿನವರಿಗೆಲ್ಲ ಕಣ್ಣು ಕಾಣುವಂತೆ ಮಾಡುವವನು. ಮನೆಗೆ ಬಂದರೆ ಮಾತ್ರ ಅವನಿಗೇ ಏನೂ ಕಾಣಿಸುತ್ತಿರಲಿಲ್ಲ.

ಸೊಸೆಯನ್ನು ಎಲ್ಲರೂ ಕರೆಯುತ್ತಿದ್ದುದು ರೇಡಿಯೋ ಎಂದು. ಯಾರ ಧ್ವನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೇ ಒಪ್ಪಿಸುತ್ತಿದ್ದಳು. ಹಾಲಿನವನ ಕೆಮ್ಮು, ಲಿಫ್ಟಿನ ನರಳಾಟ, ಮಿಕ್ಸಿ ಕೆಡುವ ಮುಂಚಿನ ಕಿರುಚಾಟ, ಎಲ್ಲ. ಅವಳು ಸಿಕ್ಕಿಬಿದ್ದದ್ದೂ ಅದರಿಂದಲೇ.

ಆ ಮನೆಯಲ್ಲಿ ಒಂದು ನಿಯಮವಿತ್ತು. ಭರಣಿಗೆ ಉಪ್ಪು ಹಾಕಿದ ಕೈಯೇ ಅದನ್ನು ಬೆಳಿಗ್ಗೆ ಸಂಜೆ ಕಲಕಬೇಕು, ಮರದ ಸೌಟಿನಿಂದ, ಎಡದಿಂದ ಬಲಕ್ಕೆ. ಮೇಲೆ ಎಣ್ಣೆ ಸುರಿದು ಬಾಯಿಗೆ ಬಟ್ಟೆ ಕಟ್ಟುವ ತನಕ ಕೈ ಬದಲಾಗಬಾರದು. ಬದಲಾದರೆ ಕೆಡುತ್ತದೆ. ಅತ್ತೆಗೆ ಅವರ ಅತ್ತೆ ಹೇಳಿದ್ದು, ಅವರಿಗೆ ಅವರತ್ತೆ. ಅದಕ್ಕೂ ಹಿಂದಿನದನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮದುವೆಯಾಗಿ ಬಂದ ಮೊದಲ ಬೇಸಿಗೆ. ಅತ್ತೆ ತಾರಸಿಯಲ್ಲಿದ್ದಾರೆಂದು ತಿಳಿದು ರೇಡಿಯೋ ಗಂಡನೆದುರು ಅವರನ್ನೇ ಆಡಿ ತೋರಿಸುತ್ತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹುಬ್ಬೇರಿಸಿ, ಮುಷ್ಟಿ ತುಂಬ ಉಪ್ಪು ಹಿಡಿದು, "ಅಳತೆ ಚಮಚ ಎಲ್ಲ ಅಂಜುಬುರುಕರಿಗೆ ಕಣೇ! ನಂದು ಕಣ್ಣಳತೆ, ಕಣ್ಣಳತೆ!" ಎಂದು ಕೈ ಝಾಡಿಸಿದಳು. ಗಂಡ ಬಿದ್ದು ಬಿದ್ದು ನಕ್ಕ. ಉಪ್ಪೂ ಬಿತ್ತು, ನೇರ ಭರಣಿಯೊಳಗೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಬಿತ್ತಲ್ಲ," ಅಂದರು. "ಇನ್ನು ಅದು ನಿಂದೇ."

ಆ ಭರಣಿಯ ನಿಂಬೆ ಎಷ್ಟು ಚೆನ್ನಾಗಿ ಬಂತೆಂದರೆ ಬೈಗುಳಕ್ಕೆ ಕಾದಿದ್ದವಳಿಗೆ ಹೊಗಳಿಕೆ ಸಿಕ್ಕಿತು. "ಇವಳ ಕೈಗುಣ ನೋಡು!" ಬೈಗುಳವಾಗಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಮರು ಬೇಸಿಗೆ ಅವಳ ಪಾಲಿಗೆ ಇನ್ನಷ್ಟು ಭರಣಿ, ಅದರ ಮರುವರ್ಷ ಮತ್ತಷ್ಟು. ಒಂದಕ್ಕೆ ಬಟ್ಟೆ ಕಟ್ಟುವಷ್ಟರಲ್ಲಿ ಇನ್ನೊಂದಕ್ಕೆ ಉಪ್ಪು ಬೀಳುತ್ತಿತ್ತು. ತವರಿಗೆ ಹೋದರೆ ಸಂಜೆಯೊಳಗೆ ವಾಪಸ್. ಸಿನಿಮಾಕ್ಕೆ ಹೋದರೆ ಕ್ಲೈಮ್ಯಾಕ್ಸಿಗೆ ಮುಂಚೆ ಎದ್ದು ಬರಬೇಕು. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ಉಪ್ಪು ಹಾಕಿದವರು ಏನು ಮಾಡಬೇಕೆಂದು ಯಾವ ಗಾದೆಯೂ ಹೇಳಿರಲಿಲ್ಲ.

ಈ ಬೇಸಿಗೆಯಲ್ಲಿ ಆ ಫೋನ್ ಬಂತು. ಬೇರೆ ಊರಿನ ಸ್ಟುಡಿಯೋ. ಮಕ್ಕಳ ಕಾರ್ಟೂನಿಗೆ ಧ್ವನಿ ಕೊಡಲು ಜನ ಬೇಕೆಂದಿದ್ದರು. ರೇಡಿಯೋ ಬಾತ್‌ರೂಮಿನಲ್ಲಿ ಕೂತು ಒಂದು ನರಿ, ಒಂದು ಮುದಿ ಆಮೆ, ಜಗಳಗಂಟಿ ಕಾಗೆ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ಕಳಿಸಿದ್ದಳು. ಕಾಗೆ ಒಪ್ಪಿಗೆಯಾಯಿತು. ಸೋಮವಾರ ಬಂದು ಸೇರಬೇಕು, ಕೆಲಸ ಮಳೆಗಾಲದ ತನಕ. ಬರದಿದ್ದರೆ ಮುಂದಿನವರಿಗೆ ಫೋನ್ ಮಾಡುತ್ತೇವೆ ಎಂದರು.

"ಹೋಗೇ, ಹೋಗು," ಅಂದ ಗಂಡ. "ಆದ್ರೆ ಅಮ್ಮಂಗೆ ನೀನೇ ಹೇಳು."

"ರೀ, ನಿಮ್ಮಮ್ಮ ಕಣ್ರೀ!"

"ಅದಕ್ಕೇ ಹೇಳಿದ್ದು."

ಅತ್ತೆಗೆ ಹೇಳಿದಾಗ ಅವರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಸಿಟ್ಟಾಗಲಿಲ್ಲ. ಅದೇ ಕಷ್ಟ.

"ಕಾಗೆ ಕೆಲಸಾನಾ? ಚೆನ್ನಾಗಿ ಮಾಡ್ತೀಯ ಬಿಡು. ಆದ್ರೆ ಭರಣಿಗಳು?"

"ನೀವು ಕಲಕಿದ್ರೆ ಆಗಲ್ವಾ ಅತ್ತೆ?"

"ಉಪ್ಪು ಹಾಕಿದ್ದು ನಾನಾ?" ಇನ್ನೊಂದು ತೊಟ್ಟು ಮುರಿದರು. "ನನ್ನ ತಂಗಿ ಮದುವೆ ಬೇಸಿಗೇಲೇ ಆಯ್ತು. ಒಬ್ಬಳೇ ತಂಗಿ. ಈ ಮನೆ ಭರಣಿ ಅಷ್ಟೂ ನನ್ನ ಕೈಯಲ್ಲಿತ್ತು, ಹೋಗೋಕಾಗ್ಲಿಲ್ಲ. ಫೋಟೋದಲ್ಲಿ ಅವಳ ಪಕ್ಕ ಒಬ್ಬರು ನಿಲ್ಲೋ ಜಾಗ ಖಾಲಿ ಬಿಟ್ಟಿದಾರೆ. ಬಂದರೂ ಬರ್ತಾಳೆ ಅಂತ."

ರೇಡಿಯೋಗೆ ಗಂಟಲಲ್ಲೇ ನಿಂತ ಮಾತೊಂದಿತ್ತು. ಹೋದ ಬೇಸಿಗೆ ಅವಳಿಗೆ ಜ್ವರ ಬಂದು ಎಚ್ಚರವಿಲ್ಲದೆ ಮಲಗಿದ್ದಾಗ ಅವಳ ಭರಣಿಗಳನ್ನು ಗಂಡನೇ ಕದ್ದು ಕಲಕಿದ್ದ. ಅದೂ ಸ್ಟೀಲ್ ಚಮಚದಲ್ಲಿ, ಯಾವ ದಿಕ್ಕಿಗೆಂದು ಅವನಿಗೇ ನೆನಪಿಲ್ಲ. ಒಂದೂ ಕೆಟ್ಟಿರಲಿಲ್ಲ. ಅತ್ತೆಯೇ ಚಪ್ಪರಿಸಿಕೊಂಡು ತಿಂದಿದ್ದರು. ಇದೊಂದನ್ನು ಹೇಳಿದರೆ ಬಾಗಿಲು ಪೂರ್ತಿ ತೆರೆಯುತ್ತದೆ. ಆದರೆ ತಂಗಿಯ ಪಕ್ಕದ ಆ ಖಾಲಿ ಜಾಗ? ಅದು ಸುಮ್ಮಸುಮ್ಮನೆ ಖಾಲಿ ಉಳಿಯಿತೆಂದು ಇವರಿಗೆ ಯಾವ ಬಾಯಲ್ಲಿ ಹೇಳುವುದು? ಅವಳ ಬಳಿ ನೂರು ಬಾಯಿಗಳಿದ್ದವು, ಒಂದೂ ಒಪ್ಪಲಿಲ್ಲ.

"ಮೆಣಸಿನಕಾಯಿ ಖಾರ ಏನತ್ತೆ," ಎಂದು ಕಣ್ಣೊರೆಸಿಕೊಂಡು ಎದ್ದಳು.

ಅಡುಗೆಮನೆಯಲ್ಲಿ ಭರಣಿಗಳು ಕಿಟಕಿಗೆ ಬೆನ್ನು ಹಾಕಿ ಅವಳನ್ನೇ ನೋಡುತ್ತಿದ್ದವು. ನಿಯಮದಲ್ಲಿ ಒಂದೇ ಒಂದು ಬಿರುಕಿತ್ತು. ಯಾರ ಕೈಯಲ್ಲಾದರೂ ಭರಣಿ ಕೆಟ್ಟರೆ ಆ ಕೈ ಆ ಬೇಸಿಗೆ ಮತ್ತೆ ಉಪ್ಪು ಮುಟ್ಟುವಂತಿಲ್ಲ. ಅದರ ಉಳಿದ ಭರಣಿಗಳನ್ನೆಲ್ಲ ಮನೆಯ ಹಿರಿಯ ಕೈ ವಹಿಸಿಕೊಳ್ಳಬೇಕು. ಅಂದರೆ ಅತ್ತೆ. ಅವಳು ಬಹಳ ಹೊತ್ತು ನಿಂತಳು. ಆಮೇಲೆ ಟೊಮೆಟೊ ಭರಣಿಯ ಮುಚ್ಚಳ ತೆಗೆದು ಒಂದು ಲೋಟ ನೀರು ಸುರಿದಳು. ನೀರು ಬಿದ್ದ ಸದ್ದನ್ನು ಮಾತ್ರ ಅವಳು ಮತ್ತೆಂದೂ ಅನುಕರಿಸಲಿಲ್ಲ.

ಸೆಕೆ ತನ್ನ ಕೆಲಸ ಮಾಡಿತು. ಭಾನುವಾರದ ಹೊತ್ತಿಗೆ ಭರಣಿಯ ಬಾಯಲ್ಲಿ ಬಿಳಿ ಬೂಷ್ಟು ಹತ್ತಿಯ ಹಾಗೆ ಎದ್ದಿತ್ತು.

"ಅತ್ತೆ, ಇಲ್ಲಿ ಬನ್ನಿ. ಕೆಟ್ಟುಹೋಗಿದೆ." ಎಷ್ಟೋ ಜನರ ಗಾಬರಿಯನ್ನು ಆಡಿದ್ದವಳಿಗೆ ತನ್ನದೇ ಗಾಬರಿಯನ್ನು ಆಡಲು ಬರಲಿಲ್ಲ.

ಅತ್ತೆ ಬಗ್ಗಿ ಮೂಸಿದರು. ಬೂಷ್ಟನ್ನು ಸೌಟಿನಿಂದ ಪಕ್ಕಕ್ಕೆ ಸರಿಸಿ, ಕೆಳಗಿನ ರಸವನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದರು.

"ಎಷ್ಟು ಹಾಕ್ದೆ?"

"ಏನು ಅತ್ತೆ?"

"ನೀರು."

ರೇಡಿಯೋ ಭರಣಿಯ ಮುಚ್ಚಳವನ್ನು ಕೆಳಗಿಟ್ಟಳು.

"ಒಂದು ಲೋಟ," ಅಂದಳು.

"ಅರ್ಧ ಸಾಕಾಗ್ತಿತ್ತು." ಅತ್ತೆ ಬೆರಳೊರೆಸಿಕೊಂಡರು. "ತಂಗಿ ಮದುವೆ ವರ್ಷ ನಾನೂ ಇಲ್ಲೇ ನಿಂತಿದ್ದೆ ಕಣೇ. ಮುಚ್ಚಳ ತೆಗೆದಿದ್ದೆ. ಕೈಯಲ್ಲಿ ಲೋಟ. ನಮ್ಮತ್ತೆ ತಾರಸಿ ಮೇಲಿದ್ರು."

"ಆಮೇಲೆ?"

"ಬಾಯಾರಿತ್ತು ಅಂದ್ಕೊಂಡು ಕುಡಿದುಬಿಟ್ಟೆ."

ರೇಡಿಯೋ ಬಾಯಿ ತೆರೆದಳು. ಗಂಡ, ಜ್ವರ, ಸ್ಟೀಲ್ ಚಮಚ, ಎಲ್ಲ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

"ಏನಮ್ಮಾ ಅದು ವಾಸನೆ?" ಒಳಗಿನಿಂದ ಮಗ ಕೂಗಿದ.

"ನಿನ್ನ ಹೆಂಡತಿ ಕೈ ಕೆಟ್ಟಿದೆ ಕಣೋ!" ಮೇಲಿನ ಮಹಡಿಗೂ ಕೇಳುವಂತೆ ಅತ್ತೆ ಹೇಳಿದರು. "ಈ ಬೇಸಿಗೆ ಇವಳಿಗೆ ಅಡುಗೆಮನೇಲಿ ಕೆಲಸ ಇಲ್ಲ. ಎಲ್ಲಿಗಾದ್ರೂ ಹೋಗ್ಲಿ!"

ಸೋಮವಾರ ಬೆಳಿಗ್ಗೆ ಅವಳ ಬ್ಯಾಗು ಅರ್ಧ ಬಾಗಿಲಲ್ಲಿ ಸಿಕ್ಕಿಕೊಂಡಿತು. ಗಂಡ ಹೊರಗಿನಿಂದ ಎಳೆದ. ಈರುಳ್ಳಿ ಚೀಲ ಬಿಡಲೊಲ್ಲದು. ಕೊನೆಗೆ ಬ್ಯಾಗು ಬಂತು, ಒಂದೆರಡು ಈರುಳ್ಳಿ ಸಿಪ್ಪೆ ಜೊತೆಗೆ.

"ಬರ್ತೀನಿ ಅತ್ತೆ."

ಅತ್ತೆ ತಮ್ಮ ಭರಣಿಗಳನ್ನು ಮುಗಿಸಿ ಅವಳ ಭರಣಿಗಳಿಗೆ ಬಂದಿದ್ದರು. ಸೌಟು ನಿಂತಿತು. ತುಟಿಗಳು ಅಲುಗಿದವು, ಮಾತು ಹೊರಡಲಿಲ್ಲ. ಆ ಮನೆಯಲ್ಲಿ ಅವರಿಗೆ ಯಾರೂ ಹೇಳದ ಮಾತು. ಅವರ ಬಾಯಿಗೂ ರೂಢಿಯಿರಲಿಲ್ಲ.

"ನಾನಿಲ್ಲದಾಗ ನನ್ನ ಹಾಗೆ ಮಾತಾಡ್ತೀಯಲ್ಲ," ಅಂದರು ಕಡೆಗೆ. "ನೀನೇ ಹೇಳ್ಕೋ."

ರೇಡಿಯೋ ಗಂಟಲು ಸರಿಮಾಡಿಕೊಂಡಳು. ಹುಬ್ಬೇರಿಸಲಿಲ್ಲ.

"ಹೋಗಿ ಬಾ ಕಣೇ."

ಥೇಟ್ ಅವರದೇ ಧ್ವನಿ. ಅತ್ತೆ ಕಣ್ಣು ಮುಚ್ಚಿ ಕೇಳಿದರು.

"ಇನ್ನೊಂದ್ಸಲ."

"ಹೋಗಿ ಬಾ."

ಅತ್ತೆ ಹೂಂ ಎಂದು ತಲೆಯಾಡಿಸಿ ಮುಂದಿನ ಭರಣಿಯ ಮುಚ್ಚಳ ತೆಗೆದರು. ಇನ್ನೂ ಬಹಳ ಉಳಿದಿದ್ದವು.

ಬೀದಿಯಿಂದ ಅವಳು ಒಮ್ಮೆ ತಲೆಯೆತ್ತಿದಳು. ಕಿಟಕಿ ಮುಚ್ಚಿತ್ತು, ಕಲಕುವ ಸದ್ದು ಕೆಳಗೆ ಬರುವಂತಿರಲಿಲ್ಲ. ಆದರೂ ಬಸ್ಸು ಬರುವವರೆಗೆ ಅವಳ ಬಲಗೈ, ಬ್ಯಾಗಿನ ಪಟ್ಟಿಯನ್ನು ಹಿಡಿದುಕೊಂಡೇ, ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ ತಿರುಗುತ್ತಲೇ ಇತ್ತು.