ನೆಟ್ಟಗೆ ನಿಂತ ತೋರುಬೆರಳು

ಪಾಪದ ಪಾಠವನ್ನು ತಿಪ್ಪಮ್ಮ ಎಳೆದಷ್ಟು ಹೊನ್ನಾಳಿ ಸೀಮೆಯಲ್ಲಿ ಯಾರೂ ಎಳೆದಿರಲಿಕ್ಕಿಲ್ಲ. ಜೋಳ ತೆನೆ ಕಟ್ಟುವಾಗ ಶುರುವಾದದ್ದು, ಕಣ ಮುಗಿದು ರಾಶಿ ಮನೆ ಸೇರಿದರೂ ಮುಗಿಯಲಿಲ್ಲ.

ಓದು ಬಾರದವರಿಗೆ ಸತ್ಯವೇದ ಕಲಿಸಲು ಅವಳದೇ ಒಂದು ರೀತಿಯಿತ್ತು. ಸಂತೆಯಲ್ಲಿ ಲೆಕ್ಕ ಹಿಡಿದಂತೆ ಕಿರುಬೆರಳಿನಿಂದ ಮಡಚುತ್ತ ಬರಬೇಕು. ಕಿರುಬೆರಳೆಂದರೆ ಎಲ್ಲವನ್ನೂ ಉಂಟುಮಾಡಿದ ಒಬ್ಬನೇ ದೇವರು. ಉಂಗುರದ ಬೆರಳು ಮನುಷ್ಯನ ಪಾಪ. ನಡುಬೆರಳು ಪಾಪಿಗಳಿಗಾಗಿ ಸತ್ತು ಎದ್ದ ಕ್ರಿಸ್ತ. ತೋರುಬೆರಳು ಕ್ಷಮೆ, ದುಡಿದು ಗಳಿಸಲಾಗದ್ದು, ದೇವರು ಬಿಟ್ಟಿ ಕೊಡುವಂಥದ್ದು. ಹೆಬ್ಬೆರಳು ಹೊಸ ಬಾಳು. ಒಂದೊಂದು ಬೆರಳಿಗೂ ಸತ್ಯವೇದದ ಕಥೆಗಳು. ಐದನ್ನೂ ಹೇಳಿ ಮುಷ್ಟಿ ಕಟ್ಟಿದವರಿಗೆ ಶಿವಮೊಗ್ಗದಿಂದ ಬರುವ ಪಾದ್ರಿ ಅಯ್ಯನವರು ಹೊಳೆಯಲ್ಲಿ ದೀಕ್ಷಾಸ್ನಾನ ಕೊಡುತ್ತಿದ್ದರು. ಒಂದು ಬೆರಳು ತಪ್ಪಿದರೂ ಮುಂದಿನ ವರ್ಷವೇ ಗತಿ.

ಇದನ್ನೆಲ್ಲ ಅವಳು ಎಡಗೈಯಲ್ಲಿ ಕಲಿಸುತ್ತಿದ್ದಳು. ಬಲಗೈ ಸದಾ ಸೆರಗಿನೊಳಗೆ. ಅದರ ತೋರುಬೆರಳು ತಾನಾಗಿ ಮಡಚುತ್ತಿರಲಿಲ್ಲ, ಕಡ್ಡಿಯ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಕ್ರೈಸ್ತರ ಸಭೆ ಸೇರಿದಾಗ ಮೈದುನ ಹಾಲೇಶಪ್ಪ ಅವಳನ್ನು ಮನೆಯಿಂದ ಹೊರದಬ್ಬಿದ್ದ. ಅವಳು ಬಾಗಿಲವಾಡ ಹಿಡಿದುಕೊಂಡಳು. ಅವನು ಕದ ಎಳೆದ. ಅವಳ ಕೈ ಅಲ್ಲಿದೆ ಎಂದು ಗೊತ್ತಿದ್ದೇ ಎಳೆದ.

ಅದೇ ಹಾಲೇಶಪ್ಪ ಈಗ ಪಾಠಕ್ಕೆ ಬಂದು ಕೂತಿದ್ದ. ಪ್ಲೇಗು ಬಂದು ಅವನ ಹೆಂಡತಿ ಸತ್ತಾಗ ದಾಯಾದಿಗಳೆಲ್ಲ ಊರಾಚೆ ಗುಡಿಸಲು ಹಾಕಿಕೊಂಡು ಕೂತಿದ್ದರು. ಹೆಣಕ್ಕೆ ಹೆಗಲು ಕೊಟ್ಟವರು ಸಭೆಯವರು. ಇಂಥವರ ದೇವರು ಎಂಥವನು ಎಂದು ತಿಳಿಯಬೇಕೆಂಬ ಹಟ ಅಂದಿನಿಂದ ಅವನಿಗೆ ಹತ್ತಿತು.

ತಿಪ್ಪಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮನೆ ಕಸಿದ, ಬೆರಳು ಕಸಿದ. ತನಗೆಂದು ಉಳಿದದ್ದು ಈ ಸಭೆಯೊಂದು, ಅಲ್ಲಿಗೂ ಬಂದನಲ್ಲ, ಇವನಿಗೆ ಬೇರೆ ದೇವರೇ ಸಿಗಲಿಲ್ಲವೇ? ಬರಬೇಡ ಎನ್ನಲು ಅವಳಿಗೆ ಅಧಿಕಾರವಿರಲಿಲ್ಲ. ಆದರೆ ಪಾಠ ಅವಳ ಕೈಯಲ್ಲಿತ್ತು. ಪಾಪದ ಬೆರಳಿಗೆ ಬಂದವಳು ಅಲ್ಲೇ ಬೀಡುಬಿಟ್ಟಳು.

ಹೊಲದಲ್ಲಿ ತಮ್ಮನನ್ನು ಕೊಂದ ಅಣ್ಣ, ಬಡವನ ದ್ರಾಕ್ಷಿತೋಟ ನುಂಗಿದ ರಾಜ, ಕೊಳ್ಳೆಯ ಬಂಗಾರವನ್ನು ಗುಡಾರದಲ್ಲಿ ಹೂತವನು, ಹೀಗೆ ಕಥೆಯ ಮೇಲೆ ಕಥೆ. ಪ್ರತಿ ಕಥೆಯ ಕೊನೆಗೂ ಹಾಲೇಶಪ್ಪನನ್ನೇ ಎಬ್ಬಿಸಿ, ಇವನು ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳುವಳು. ಅವನು ತಲೆ ತಗ್ಗಿಸಿ ತಪ್ಪು ಎನ್ನುವನು. ಒಂದು ದಿನವೂ ಎದುರಾಡಲಿಲ್ಲ. ಎದುರಾಡಿದ್ದರೆ ಅವಳ ಸಿಟ್ಟು ಅರ್ಧವಾದರೂ ಇಳಿಯುತ್ತಿತ್ತೇನೋ.

ಅಯ್ಯನವರು ಬರುವ ಸುದ್ದಿ ಬಂದಾಗ ಕ್ರಿಸ್ತನ ಪಾಠವನ್ನು ಅವಸರದಲ್ಲಿ ಮುಗಿಸಿದಳು. ಆಮೇಲೆ ತೋರುಬೆರಳನ್ನು ಹಾರಿಸಿ ಹೆಬ್ಬೆರಳಿಗೆ ಹೋದಳು. ಕ್ಷಮೆ ಎಂಬ ಮಾತನ್ನು ಇವನ ಕಿವಿಗೆ ತಾನೇ ಹಾಕಬೇಕೆ? ನಾಲಿಗೆ ಬಿದ್ದುಹೋದರೂ ಹಾಕಲಾರೆ ಎಂದುಕೊಂಡಳು. ಪಾಠಕ್ಕೆ ಬರುತ್ತಿದ್ದ ಬಂಗಾರಮ್ಮ ಎಂಬ ಮುದುಕಿ, ನಡುವೆ ಒಂದು ಬೆರಳು ಹಂಗೇ ನಿಂತಿತಲ್ಲ ಎಂದಾಗ ಗದರಿ ಕೂರಿಸಿದಳು. ಮುದುಕಿಗೆ ಉಬ್ಬಸ. ಸಾಯುವುದರೊಳಗೆ ದೀಕ್ಷೆಯಾಗಬೇಕು ಎಂಬುದೊಂದೇ ಅವಳ ಆಸೆ.

ಪರೀಕ್ಷೆಯ ದಿನ ಅಯ್ಯನವರು ಮೊದಲು ಬಂಗಾರಮ್ಮನನ್ನೇ ಕರೆದರು. ಮೂರು ಬೆರಳು ಸಲೀಸಾಗಿ ಮಡಚಿದವು. ನಾಲ್ಕನೆಯದಕ್ಕೆ ಮುದುಕಿ ತಿಪ್ಪಮ್ಮನ ಮುಖ ನೋಡಿದಳು. ತಿಪ್ಪಮ್ಮ ಗೋಡೆ ನೋಡಿದಳು. ವಯಸ್ಸಾಯಿತು, ಮರೆತೆ ಎಂದು ಮುದುಕಿ ತಪ್ಪನ್ನು ತನ್ನ ಮೇಲೆಯೇ ಹಾಕಿಕೊಂಡಳು. ಹಾಗಾದರೆ ಮುಂದಿನ ವರ್ಷ ನೋಡೋಣ ಎಂದರು ಅಯ್ಯನವರು. ಮುಂದಿನ ವರ್ಷದ ತನಕ ಅವಳ ಉಸಿರು ಇರುವುದಿಲ್ಲವೆಂದು ಕೇರಿಗೆಲ್ಲ ಗೊತ್ತಿತ್ತು.

ಹಾಲೇಶಪ್ಪ ಎದ್ದು ನಿಂತ.

"ಅಜ್ಜಿ ಮರ್ತಿಲ್ರಿ ಅಯ್ಯನೋರೆ. ನಾಲ್ಕನೇದು ನಮಗ್ಯಾರಿಗೂ ಹೇಳ್ಕೊಟ್ಟಿಲ್ಲ. ನಾನಿಲ್ಲಿ ಕುಂತಿದ್ರೆ ನಮ್ಮತ್ತಿಗೆಗೆ ಅದನ್ನ ಹೇಳಾಕೆ ಬಾಯಿ ಬರಲ್ಲ. ತಪ್ಪು ನಂದೇ ಐತೆ. ನಾನು ಹೋಗ್ತೀನಿ, ಅಜ್ಜಿಗೆ ಹೇಳ್ಕೊಡ್ಲಿ."

ಹೇಳಿದವನೇ ಬಾಗಿಲ ಕಡೆ ನಡೆದ. ಅದನ್ನು ಕಂಡು ತಿಪ್ಪಮ್ಮನ ಸಿಟ್ಟು ನೆತ್ತಿಗೇರಿತು. ಎಲ್ಲ ಕಸಿದದ್ದು ಸಾಲದೆ ಒಳ್ಳೆಯತನವನ್ನೂ ಇವನೇ ಕಸಿದುಕೊಂಡು ಹೋಗಬೇಕೆ? ಮುದುಕಿಯ ದೀಕ್ಷೆಯ ನೀರು ಕಸಿದವಳು ತಾನಾಗಬೇಕೆ?

"ಕುಂದ್ರು" ಎಂದಳು.

ಸೆರಗು ಸರಿಸಿ ಬಲಗೈ ಹೊರತೆಗೆದಳು. ಸಭೆಯಲ್ಲಿ ಹಲವರು ಆ ಬೆರಳನ್ನು ನೋಡಿದ್ದು ಅದೇ ಮೊದಲು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಮಡಚಿದವು. ತೋರುಬೆರಳು ನೆಟ್ಟಗೆ ಹಾಲೇಶಪ್ಪನ ಎದೆಗೇ ಗುರಿಯಿಟ್ಟು ನಿಂತಿತು. ಅವಳು ಅದನ್ನು ಎಡಗೈಯಲ್ಲಿ ಹಿಡಿದು ಒತ್ತಿದಳು. ಗೆಣ್ಣು ಲಟಕ್ಕೆಂದಿತು. ನೋವಿಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ನಾಲ್ಕನೇದು ಕ್ಷಮೆ. ದೇವರು ಬಿಟ್ಟಿ ಕೊಡ್ತಾನೆ. ನನ್ನ ಕೈಲಿ ಹಂಗೆ ಬಿಟ್ಟಿ ಕೊಡಾಕೆ ಆಗಲ್ಲ, ನೋವಾಗತೈತೆ. ಮಡಚಿ ಬಿಟ್ರೆ ತಿರುಗಾ ಏಳತೈತೆ, ನೋಡ್ರಿ." ಕೈ ಬಿಟ್ಟಳು. ಬೆರಳು ಎದ್ದು ಮತ್ತೆ ಅವನನ್ನೇ ತೋರಿಸಿತು. "ಎದ್ದಂಗೆಲ್ಲ ಮಡಚಬೇಕು. ಅಷ್ಟೇ ಪಾಠ. ಬಂಗಾರಜ್ಜಿ, ಈಗ ಹೇಳು."

ಮುದುಕಿ ಹೇಳಿದಳು. ಹಾಲೇಶಪ್ಪನೂ ಒಂದೊಂದೇ ಬೆರಳು ಮಡಚುತ್ತ ಹೇಳಿದ.

ಮರುದಿನ ಬೆಳಗ್ಗೆ ತುಂಗಭದ್ರೆಯಲ್ಲಿ ಬಂಗಾರಮ್ಮ ಮುಳುಗಿ ಎದ್ದು ಮಗುವಿನ ಹಾಗೆ ನಕ್ಕಳು. ಆಮೇಲೆ ಹಾಲೇಶಪ್ಪ ನೀರಿಗಿಳಿದ. ಕಲಿಸಿದವರು ಪಕ್ಕದಲ್ಲಿ ನಿಲ್ಲುವುದು ಸಭೆಯ ಪದ್ಧತಿ, ತಿಪ್ಪಮ್ಮ ಮೊಣಕಾಲು ನೀರಲ್ಲಿ ನಿಂತಳು. ಅವಳ ಸಿಟ್ಟು ಇಳಿದಿರಲಿಲ್ಲ. ಅಯ್ಯನವರು ಅವನ ತಲೆ ಅದ್ದುವಾಗ, ಇನ್ನೊಂದು ಗಳಿಗೆ ಅಲ್ಲೇ ಇರಲಿ ಎಂದು ಅವಳಿಗೆ ಅನ್ನಿಸಿದ್ದೂ ನಿಜ. ಆದರೆ ಬಲಗೈಯ ಬೆರಳನ್ನು ಎಡಗೈಯಲ್ಲಿ ಮಡಚಿ ಹಿಡಿದಿದ್ದಳು. ಅವನು ಎದ್ದು ಕಣ್ಣೊರೆಸಿಕೊಂಡು ದಡ ಹತ್ತುವವರೆಗೂ ಆ ಹಿಡಿತ ಬಿಡಲಿಲ್ಲ.